ಫಲಕ ಓದೋಕೆ ಬರಲ್ಲ ಅಂದ್ರೆ ಲೆಕ್ಕ ಕೇಳೋದು ಹೇಗೆ?



ನಮ್ಮ ಬೆಟ್ಟದ ಒಂದು ಊರು. ಬೀದಿಗೆ ಹೊಸದಾಗಿ ಕಾಂಕ್ರೀಟ್ ರಸ್ತೆ ಬಂದಿದೆ. ಬೀದಿಯ ತಲೆಯಲ್ಲಿ ಒಂದು ಫಲಕ. ಅದರ ಮುಂದೆ ನಿಂತ ಅಜ್ಜಿಯೊಬ್ಬರು ಮೊಮ್ಮಗನನ್ನ ಕೇಳಿದ್ರು: "ಏನ್ ಬರ್ದವ್ರೆ ಮಗ ಅದ್ರಲ್ಲಿ? ಓದ್ ಹೇಳು."

"ರೋಡಿಂದು ಅಜ್ಜಿ."

"ರೋಡು ನಂಗೂ ಕಾಣ್ತದೆ ಕಣ. ಎಷ್ಟು ದುಡ್ಡು, ಎಲ್ಲಿಂದ ಎಲ್ಲಿಗಂಟ ಅಂತ ಕೇಳ್ದೆ."

ಹುಡುಗ ಕನ್ನಡ ಮಾಧ್ಯಮದಲ್ಲಿ ಓದಿದವನು. ತಮಿಳು ಚೆನ್ನಾಗೇ ಮಾತಾಡ್ತಾನೆ. ಅಕ್ಷರ ಕೂಡಿಸಿ ಕೂಡಿಸಿ ಎರಡು ಸಾಲು ಓದಿದ. 'ಮದಿಪ್ಪೀಡು' ಅನ್ನೋ ಪದಕ್ಕೆ ಬಂದು ನಿಂತ. ಸಂತೆಯಲ್ಲಿ, ಬಸ್ಸಲ್ಲಿ, ಸಿನಿಮಾದಲ್ಲಿ ಅವನು ಆ ಪದ ಕೇಳಿರಲಿಲ್ಲ.

ಅಜ್ಜಿ ಸುಮ್ಮನೆ ಕೇಳಿದ್ದಲ್ಲ. ರಸ್ತೆ ಬೀದಿಯ ಕೊನೆವರೆಗೂ ಬಂದಿರಲಿಲ್ಲ. ಕೊನೆಯ ನಾಲ್ಕು ಮನೆ ಬಾಕಿ ಇರುವಾಗಲೇ ನಿಂತುಹೋಗಿತ್ತು. ಆ ನಾಲ್ಕರಲ್ಲಿ ಒಂದು ಅವರ ಮನೆ. ಮಳೆ ಬಂದ್ರೆ ಮೇಲಿನ ಕಾಂಕ್ರೀಟ್ ಮೇಲೆ ಓಡಿಬಂದ ನೀರೆಲ್ಲ ಅವರ ಬಾಗಿಲಿಗೇ ಬರುತ್ತೆ. ಊರಲ್ಲಿ ಆಗಲೇ ಮಾತು ಶುರುವಾಗಿತ್ತು: "ದುಡ್ಡು ನುಂಗವ್ರೆ ಬುಡು."

ಆಮೇಲೆ ನಾವು ನಾಲ್ಕೈದು ಜನ ಸೇರಿ ಫಲಕವನ್ನ ಪೂರ್ತಿ ಓದಿಸಿಕೊಂಡ್ವಿ, ಟೇಪ್ ಹಿಡಿದು ರಸ್ತೆ ಅಳೆದ್ವಿ. ಫಲಕದಲ್ಲಿ ಬರೆದಷ್ಟೇ ಉದ್ದ ಇತ್ತು. ಉದ್ದದಲ್ಲಿ ಯಾರೂ ಏನೂ ಕದ್ದಿರಲಿಲ್ಲ. ಆ ನಾಲ್ಕು ಮನೆ ಅಂದಾಜು ಪಟ್ಟಿಯಲ್ಲೇ ಇರಲಿಲ್ಲ. ಅಂದಾಜು ತಯಾರಾಗುವಾಗ, ಗ್ರಾಮಸಭೆಯಲ್ಲಿ ಅದನ್ನ ಓದುವಾಗ, ಆ ಬೀದಿಯಿಂದ ಹೋಗಿ "ನಮ್ಮ ಮನೆ ಬಿಟ್ಟಿದ್ದೀರಿ" ಅಂತ ಹೇಳಿದವರು ಒಬ್ಬರೂ ಇರಲಿಲ್ಲ. ಸಭೆಯ ನೋಟಿಸನ್ನ ಯಾರೂ ಓದಿರಲಿಲ್ಲ. ಓದಿದ್ದವರು ನಮಗಲ್ಲ ಅಂದುಕೊಂಡಿದ್ದರು.

ಇದು ನಾಲ್ಕು ಮನೆಗಷ್ಟೇ ಮುಗಿಯೋ ಕಥೆ ಅಲ್ಲ. ನಮ್ಮ ಇಡೀ ಬೆಟ್ಟದ್ದೂ ಇದೇ ಕಥೆ.

ರಸ್ತೆ ನಮ್ಮ ಮೇಲೆ ಹಾದುಹೋಗುತ್ತೆ

ತಾಳವಾಡಿ ಅಂದ್ರೆ ಹೊರಗಿನವರಿಗೆ ನೆನಪಾಗೋದು ದೊಡ್ಡಗಾಜನೂರು, ಅಣ್ಣಾವ್ರು ಹುಟ್ಟಿದ ಊರು. ಇಲ್ಲಾಂದ್ರೆ 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನ ಅಪಹರಿಸಿದ್ದು. ಫೋಟೋ ತೆಗೆಸಿಕೊಂಡು ಹೋಗೋರು ತುಂಬಾ ಜನ. ಇಲ್ಲಿ ಬಸ್ಸು ಎಷ್ಟೊತ್ತಿಗೆ ಅಂತ ಕೇಳೋರು ಕಮ್ಮಿ.

ಈ ಬೆಟ್ಟದ ದಾರಿಗಳು ಹಳೆಯವು. ಮೈಸೂರಿನಿಂದ ಕೊಯಮತ್ತೂರು ಸೀಮೆಗೆ ಇಳಿಯೋಕೆ ಗಜಲಹಟ್ಟಿ ಕಣಿವೆ ಇತ್ತು. 1790ರಲ್ಲಿ ಟಿಪ್ಪುವಿನ ಸೈನ್ಯ ಇಳಿದು ಸತ್ಯಮಂಗಲದ ಹತ್ತಿರ ಬ್ರಿಟಿಷರ ಮೇಲೆ ಬಿದ್ದದ್ದು ಆ ದಾರಿಯಲ್ಲೇ. ಈಗ ಇರೋದು ದಿಂಬಂ ಘಾಟ್, 27 ತಿರುವು. ಬೆಂಗಳೂರು, ಚಾಮರಾಜನಗರ, ಸತ್ಯಮಂಗಲ, ಕೊಯಮತ್ತೂರು ಸೇರಿಸೋ ರಾಷ್ಟ್ರೀಯ ಹೆದ್ದಾರಿ 948. ಆಗ ಸೈನ್ಯ ದಾಟಿಹೋಯ್ತು, ಈಗ ಲಾರಿ ದಾಟಿಹೋಗುತ್ತೆ. ಹೆದ್ದಾರಿ ಹಾಸನೂರಿನ ಮೇಲೆ ಹೋಗುತ್ತೆ. ತಾಳವಾಡಿ ಪೇಟೆ ಅದರ ಮೇಲಿಲ್ಲ. ಹೆದ್ದಾರಿಯಿಂದ ಒಳಗಿರೋ ಊರುಗಳಿಗೆ ಎಂಥ ರಸ್ತೆ ಇದೆ ಅನ್ನೋದು, ಜ್ವರ ಬಂದ ಮಗೂನ ಬೈಕಲ್ಲಿ ಮಧ್ಯೆ ಕೂರಿಸಿಕೊಂಡು ಹೋದೋರಿಗೆ ಗೊತ್ತು.

1956ರಲ್ಲಿ ರಾಜ್ಯಗಳನ್ನ ವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಹೋಯ್ತು, ತಾಳವಾಡಿ ಮದ್ರಾಸಲ್ಲೇ ಉಳೀತು. 1979ರಲ್ಲಿ ಜಿಲ್ಲೆ ಬದಲಾಯ್ತು. ಅದೇ ಮುಂದೆ ಈರೋಡ್ ಆಯ್ತು. 2016ರಲ್ಲಿ ತಾಳವಾಡಿ ಬೇರೆ ತಾಲ್ಲೂಕಾಯ್ತು. ತಾಲ್ಲೂಕು ಕಚೇರಿ ಬಂತು, ಒಳ್ಳೇದೇ ಆಯ್ತು. ಒಂದು ಸರ್ಟಿಫಿಕೇಟಿಗೆ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗೋದು ತಪ್ಪಿತು. ಆದ್ರೆ ಜಿಲ್ಲಾ ಕೇಂದ್ರ ಈಗಲೂ ನೂರು ಕಿಲೋಮೀಟರಿಗಿಂತ ಆಚೆ. ನಮ್ಮ ರಸ್ತೆ, ನೀರು, ಆಸ್ಪತ್ರೆಯ ಕಡತಕ್ಕೆ ಸಹಿ ಬೀಳೋದು ಅಲ್ಲಿ.

ಗೇಟು ಮುಚ್ಚಿದ ದಿನ

2022ರ ಫೆಬ್ರವರಿ ಮರೆತಿಲ್ಲ ತಾನೇ? ದಿಂಬಂ ಘಾಟಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿತ್ತು. ಮದ್ರಾಸ್ ಹೈಕೋರ್ಟ್ ಆದೇಶದಂತೆ 10ನೇ ತಾರೀಖಿನಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ದೊಡ್ಡ ಸರಕು ವಾಹನಗಳು ಬಂದ್, ಸಣ್ಣವಕ್ಕೆ ರಾತ್ರಿ 9ರಿಂದ ಬಂದ್. ಕಾರಣ ಸುಳ್ಳಲ್ಲ. ಸತ್ಯಮಂಗಲ 2013ರಿಂದ ಹುಲಿ ಮೀಸಲು ಪ್ರದೇಶ, ರಸ್ತೆ ಮೇಲೆ ಪ್ರಾಣಿಗಳು ಸಾಯ್ತಾ ಇದ್ವು. ಪ್ರಾಣಿ ಸಾಯಬಾರದು ಅನ್ನೋದ್ರಲ್ಲಿ ನಮಗೆ ತಕರಾರಿಲ್ಲ. ಆದ್ರೆ ಕೋಸು, ಟೊಮೆಟೊ ತುಂಬಿದ ಗಾಡಿ ಕಟ್ಟೆ ಹತ್ತಿರ ನಿಂತುಕೊಂಡ್ತು. ಜನ ಬೀದಿಗೆ ಬಂದ್ರು, ಅಂಗಡಿ ಮುಚ್ಚಿದ್ರು. ಆಮೇಲೆ ಕೋರ್ಟು ಸ್ಥಳೀಯರ ವಾಹನಗಳಿಗೆ ವಿನಾಯಿತಿ ಕೊಟ್ಟು, ಭಾರಿ ತೂಕದ ಲಾರಿಗಳಿಗೆ ತಡೆ ಉಳಿಸಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ವಿಷಯ ಇದೆ. ಆ ತಡೆಯ ಮೂಲ ಆದೇಶ ಜಿಲ್ಲಾಧಿಕಾರಿಯಿಂದ ಹೊರಬಿದ್ದದ್ದು 2019ರಲ್ಲಿ. ಮೂರು ವರ್ಷ ಅದು ಕಾಗದದಲ್ಲೇ ಇತ್ತು. ನಮ್ಮಲ್ಲಿ ಎಷ್ಟು ಜನ ಅದನ್ನ ಓದಿದ್ವಿ? "ಸ್ಥಳೀಯರನ್ನ ಬಿಡಿ" ಅಂತ 2019ರಲ್ಲೇ ಎಷ್ಟು ಅರ್ಜಿ ಹಾಕಿದ್ವಿ? ಗೇಟು ಮುಖಕ್ಕೆ ಬಡಿದ ಮೇಲೆ ಎದ್ವಿ. ಕೂಗಿದ್ದಕ್ಕೆ ಫಲ ಸಿಕ್ತು, ನಿಜ. ಮೊದಲೇ ಓದಿದ್ರೆ ಕೂಗೋ ಅಗತ್ಯ ಎಷ್ಟೋ ಕಮ್ಮಿ ಇರ್ತಿತ್ತು.

ಅದಕ್ಕೇ ನಾವು ಹೇಳೋದು: ರಸ್ತೆ ಬೇಕು, ಕಟ್ಟಡ ಬೇಕು, ಪೈಪು ಬೇಕು. ಅವುಗಳ ಜೊತೆಗೆ ಅವುಗಳ ಕಾಗದವೂ ನಮ್ಮ ಭಾಷೆಯಲ್ಲಿ ಬೇಕು. ಓದೋಕಾಗದ ಕೆಲಸದ ಲೆಕ್ಕ ಕೇಳೋಕಾಗಲ್ಲ.

ಇದು ಭಿಕ್ಷೆ ಅಲ್ಲ

"ತಮಿಳುನಾಡಲ್ಲಿ ಇದ್ದು ಕನ್ನಡ ಫಲಕ ಕೇಳ್ತೀರಾ?" ಅಂತ ಕೆಲವರು ನಗ್ತಾರೆ. ನಗಲಿ. ನಾವು ಕೇಳ್ತಿರೋದು ಮೂರು ಆಧಾರದ ಮೇಲೆ.

ಒಂದು, ಸಂವಿಧಾನದ 350ನೇ ವಿಧಿ. ಯಾವುದೇ ಕುಂದುಕೊರತೆ ಬಗ್ಗೆ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದ್ರೂ ಮನವಿ ಕೊಡೋ ಹಕ್ಕು ಪ್ರತಿಯೊಬ್ಬರಿಗೂ ಇದೆ. "ಕನ್ನಡದಲ್ಲಿ ಬರೆದ ಅರ್ಜಿ ತಗೊಳ್ಳಲ್ಲ" ಅಂತ ಯಾವ ಕೌಂಟರಿನವರೂ ಹೇಳೋ ಹಾಗಿಲ್ಲ.

ಎರಡು, ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಕೇಂದ್ರ, ರಾಜ್ಯಗಳು ಒಪ್ಪಿಕೊಂಡ ಕ್ರಮಗಳು. ತಾಲ್ಲೂಕಿನಂಥ ಪ್ರದೇಶದಲ್ಲಿ ಶೇ. 15ರಷ್ಟು ಜನ ಒಂದು ಭಾಷೆ ಆಡ್ತಿದ್ರೆ ಮುಖ್ಯ ನಿಯಮ, ನೋಟಿಸುಗಳನ್ನ ಆ ಭಾಷೆಯಲ್ಲೂ ಪ್ರಕಟಿಸಬೇಕು ಅನ್ನೋದು ಅದರಲ್ಲೊಂದು. ತಾಳವಾಡಿಯಲ್ಲಿ ಕನ್ನಡಿಗರು ಶೇ. 15 ಇದ್ದಾರಾ ಅಂತ ಯಾರಾದ್ರೂ ಕೇಳಿದ್ರೆ ಸಂತೆಗೆ ಕರ್ಕೊಂಡು ಹೋಗಿ ಸಾಕು. ಇದು ಕಾನೂನಿನಷ್ಟು ಗಟ್ಟಿ ಅಲ್ಲ. ಕೇಳೋರು ಇಲ್ಲದಿದ್ರೆ ಮಲಗಿಬಿಡುತ್ತೆ.

ಮೂರು, ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ನಿಯಮ. ಆ ಯೋಜನೆಯ ರಸ್ತೆ ಬದಿ, ಯಾವ ಪದರಕ್ಕೆ ಎಷ್ಟು ಸಾಮಾನು ಹಾಕಿದ್ದಾರೆ ಅಂತ ಸ್ಥಳೀಯ ಭಾಷೆಯಲ್ಲಿ ಜನರಿಗೆ ತಿಳಿಸೋ ಫಲಕ ಇರಬೇಕು. ಐದು ವರ್ಷ ನಿರ್ವಹಣೆಯೂ ಗುತ್ತಿಗೆದಾರನದ್ದೇ. ಸ್ಥಳೀಯ ಭಾಷೆ ಅಂದ್ರೆ ಆ ಸ್ಥಳದ ಜನ ಆಡೋ ಭಾಷೆ ಅಂತ ನಾವು ಓದ್ಕೊಳ್ತೀವಿ.

ಕಾಸರಗೋಡಿನ ಕನ್ನಡಿಗರನ್ನ ನೋಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರದ ಜೊತೆ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಅಂತ ಇದೆ. ಅವರಿಗೂ ಅದು ಪ್ರತಿ ಸಲ ಸುಲಭವಾಗಿ ಸಿಗಲ್ಲ. ಆದ್ರೆ ಕೇಳೋದು ಬಿಟ್ಟಿಲ್ಲ.

ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ

ಈಗ ಕಹಿ ಮಾತು. ನಾಳೆ ಬೆಳಿಗ್ಗೆ ಎಲ್ಲಾ ಫಲಕ ಕನ್ನಡದಲ್ಲೂ ಬಂದವು ಅಂತಿಟ್ಟುಕೊಳ್ಳಿ. ಓದೋರು ಎಷ್ಟು ಜನ? ನಮ್ಮಲ್ಲಿ ಅರ್ಧ ಹುಡುಗರು ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಮನೇಲಿ ಕನ್ನಡ, ವಾಟ್ಸಾಪಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ. ಕನ್ನಡ ಮಾಧ್ಯಮದವರಿಗೆ ತಮಿಳು ಕಚೇರಿ ಪದ ಬರಲ್ಲ, ತಮಿಳು ಮಾಧ್ಯಮದವರಿಗೆ ಕನ್ನಡ ಅಕ್ಷರ ಬರಲ್ಲ. ಇಬ್ಬರೂ ಒಂದೇ ಮನೆಯ ಅಣ್ಣತಮ್ಮಂದಿರು. ಫಲಕದ ಮುಂದೆ ಇಬ್ಬರೂ ಸುಮ್ಮನೆ ನಿಲ್ತೀವಿ.

ತಮಿಳು ನಮ್ಮ ಶತ್ರು ಅಲ್ಲ. ನಮ್ಮ ಪಕ್ಕದ ಮನೆಯವರ ಭಾಷೆ, ಎಷ್ಟೋ ಜನರ ತಾಯಿಯ ತವರಿನ ಭಾಷೆ. ಚೆನ್ನಾಗಿ ತಮಿಳು ಓದಿದ ಕನ್ನಡದ ಹುಡುಗ ಹುಡುಗಿಯರೇ ಈ ಬೆಟ್ಟದ ದೊಡ್ಡ ಆಸ್ತಿ. ಯಾಕೆ ಅಂತ ಕೇಳಿ: ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು. ಅಂದ್ರೆ ನಮಗೆ ತಮಿಳು ಅಥವಾ ಇಂಗ್ಲಿಷ್. ಮನವಿ ಕನ್ನಡದಲ್ಲಿ, ಮಾಹಿತಿ ಹಕ್ಕು ತಮಿಳಲ್ಲಿ. ಎರಡೂ ಕೈ ಬೇಕು.

ಏನು ಮಾಡೋಣ?

1. ನಿಮ್ಮೂರಲ್ಲಿ ಕಾಣೋ ಪ್ರತಿ ಕಾಮಗಾರಿ ಫಲಕದ ಫೋಟೋ ತೆಗೆಯಿರಿ. ಐದು ಪದ ಗೊತ್ತಿದ್ರೆ ಮುಕ್ಕಾಲು ಫಲಕ ಅರ್ಥ ಆಗುತ್ತೆ. ಪಣಿಯಿನ್ ಪೆಯರ್ ಅಂದ್ರೆ ಕಾಮಗಾರಿಯ ಹೆಸರು. ತಿಟ್ಟಂ ಅಂದ್ರೆ ಯೋಜನೆ. ಮದಿಪ್ಪೀಡು ಅಂದ್ರೆ ಅಂದಾಜು ವೆಚ್ಚ. ನೀಳಂ ಅಂದ್ರೆ ಉದ್ದ. ಒಪ್ಪಂದದಾರರ್ ಅಂದ್ರೆ ಗುತ್ತಿಗೆದಾರ. ಕನ್ನಡದಲ್ಲಿ ಬರೆದು ಊರಿನ ಗುಂಪಿಗೆ ಹಾಕಿ. ಓದೋಕೆ ಬರದವರಿಗೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ.

2. ಫಲಕವೇ ಇಲ್ಲದ ಕೆಲಸ ಕಂಡ್ರೆ ಬೈಕೊಂಡು ಕೂರಬೇಡಿ. 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಅಂದಾಜು ಪಟ್ಟಿ, ಅಳತೆ ಪುಸ್ತಕದ ನಕಲು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

3. ಗ್ರಾಮಸಭೆಗೆ ಹೋಗಿ. ತಮಿಳುನಾಡಲ್ಲಿ ವರ್ಷಕ್ಕೆ ಆರು ಸಲ ನಡೆಯುತ್ತೆ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಅಲ್ಲಿ ಕನ್ನಡದಲ್ಲೇ ಎದ್ದು ಮಾತಾಡಿ.  ಹೇಳಿದ್ದು ನಿರ್ಣಯ ಪುಸ್ತಕಕ್ಕೆ ಹೋಯ್ತಾ ಅಂತ ನೋಡೋಕೆ ತಮಿಳು ಬಲ್ಲ ಒಬ್ಬರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ.

4. ಕೆಲಸ ನಡೆಯುವಾಗಲೇ ನೋಡಿ. ಕಾಂಕ್ರೀಟ್ ಹಾಕಿದ ಮೇಲೆ ಎರಡು ವಾರವಾದ್ರೂ ನೀರು ಕಟ್ಟಿ ತೇವ ಇಡ್ತಿದ್ದಾರಾ? ಚರಂಡಿ ಇಳಿಜಾರು ಯಾವ ಕಡೆ? ಪೈಪ್ ಹಾಕೋಕೆ ಅಗೆದ ರಸ್ತೆಯನ್ನ ಮತ್ತೆ ಮುಚ್ಚಿದ್ರಾ? ನಲ್ಲಿ ಬಂದ್ರೆ ಸಾಲದು, ಜಲ ಜೀವನ್ ಯೋಜನೆಯ ಗುರಿ ದಿನಕ್ಕೆ ತಲೆಗೆ 55 ಲೀಟರ್ ನೀರು. ಬರ್ತಿದೆಯಾ?

5. ಕಾಡೊಳಗಿನ ಸೋಲಿಗರ, ಊರಾಳಿಗಳ ಊರುಗಳಲ್ಲಿ "ಅರಣ್ಯ ಜಾಗ, ಏನೂ ಆಗಲ್ಲ" ಅಂದ್ರೆ ಹಾಗೇ ವಾಪಸ್ ಬರಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಕಲಂ ಶಾಲೆ, ಅಂಗನವಾಡಿ, ಕುಡಿಯೋ ನೀರು, ರಸ್ತೆ ಸೇರಿ 13 ಸೌಲಭ್ಯಗಳಿಗೆ ಅವಕಾಶ ಕೊಟ್ಟಿದೆ. ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಮ್ಮಿ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯೋ ಹಾಗಿಲ್ಲ, ಗ್ರಾಮಸಭೆಯ ಶಿಫಾರಸು ಬೇಕು. ನಾಲ್ಕು ಪಥದ ರಸ್ತೆ ನಮಗೆ ಬೇಡ. ಆಂಬುಲೆನ್ಸ್ ಬರೋವಷ್ಟು ದಾರಿ ಸಾಕು.

6. ಭಾನುವಾರ ಒಂದು ಗಂಟೆ. ಕನ್ನಡ ಓದೋಕೆ ಬರೋರು ಬರದವರಿಗೆ ಕನ್ನಡ ಅಕ್ಷರ ಹೇಳಿಕೊಡಿ. ತಮಿಳು ಓದೋಕೆ ಬರೋರು ಕಚೇರಿ ಪದ ಹೇಳಿಕೊಡಿ. ಶಾಲೆ ಜಗಲಿ, ದೇವಸ್ಥಾನದ ಕಟ್ಟೆ, ಎಲ್ಲಾದ್ರೂ ಸರಿ.

ಆ ನಾಲ್ಕು ಮನೆ ವಿಷಯ ಏನಾಯ್ತು ಅಂತೀರಾ? ಮುಂದಿನ ಗ್ರಾಮಸಭೆಗೆ ಆ ಬೀದಿಯಿಂದ ಹನ್ನೊಂದು ಜನ ಹೋದ್ರು. ಕನ್ನಡದಲ್ಲಿ ಬರೆದ ಅರ್ಜಿ ಕೊಟ್ಟರು. ಮೊದಲು "ತಮಿಳಲ್ಲಿ ಬರ್ಕೊಂಡು ಬನ್ನಿ" ಅನ್ನೋ ಮಾತು ಬಂತು. ಹುಡುಗ 350ನೇ ವಿಧಿ ಹೇಳಿದ. ಅರ್ಜಿ ತಗೊಂಡ್ರು, ಸ್ವೀಕೃತಿ ಸಹಿ ಹಾಕಿದ್ರು. ರಸ್ತೆ ಇನ್ನೂ ಬಂದಿಲ್ಲ. ಆದ್ರೆ ಬಿಟ್ಟುಹೋದ ಉದ್ದ ಎಷ್ಟು ಮೀಟರ್ ಅಂತ ನಿರ್ಣಯ ಪುಸ್ತಕದಲ್ಲಿ ಬರೆದಿದೆ. ಅದರ ಫೋಟೋ ಅಜ್ಜಿಯ ಮೊಮ್ಮಗನ ಮೊಬೈಲಲ್ಲಿದೆ. ಮುಂದಿನ ಸಭೆಗೂ ಹೋಗ್ತೀವಿ.

ನಿಮ್ಮ ಬೀದಿಯ ಫಲಕದಲ್ಲಿ ಏನಿದೆ? ಇವತ್ತೇ ಹೋಗಿ ನೋಡಿ. ಕೆಳಗೆ ಹಾಕಿ, ಕನ್ನಡದಲ್ಲೇ ಬರೆಯಿರಿ. ತಪ್ಪಾದ್ರೆ ತಿದ್ದೋಕೆ ನಾವಿದ್ದೀವಿ.