ತಾತನ ಕೋವಿ, ಮೊಮ್ಮಗನ ಆಸೆ

ಚನ್ನರಾಯನದುರ್ಗದ ಬೆಟ್ಟದ ಸುತ್ತ ಕಡಲೆಕಾಯಿ ಬಲಿಯುವ ಹೊತ್ತಿಗೆ ರೈತರ ನಿದ್ದೆ ಹಾರುತ್ತದೆ. ಹಗಲು ನವಿಲಿನ ಕಾಟ, ರಾತ್ರಿ ಕಾಡುಹಂದಿಯ ಕಾಟ. ಒಂದು ಹಿಂಡು ಹಂದಿ ನುಗ್ಗಿದರೆ ಬೆಳಗಾಗುವಷ್ಟರಲ್ಲಿ ಹೊಲ ಉತ್ತು ಬಿಟ್ಟಂತಾಗಿರುತ್ತದೆ.

ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗ ಪಿಯುಸಿ ಓದುತ್ತಿದ್ದಾನೆ. ಸಿನಿಮಾದಲ್ಲಿ ನೋಡಿದ ರೈಫಲ್ ಅವನ ಕಣ್ಣಿಗೆ ಕಟ್ಟಿದೆ. "ಅಪ್ಪಾ, ತಾತನ ಒಂಟಿನಳಿಗೆ ಕೋವಿ ಇನ್ನೇನಕ್ಕೆ? ಅದನ್ನು ಕೊಟ್ಟು ಯಾರ ಹತ್ತಿರವಾದರೂ ಹಳೆಯ ಸೆಮಿ ಆಟೋಮ್ಯಾಟಿಕ್ ರೈಫಲ್ ತಗೊಳ್ಳೋಣ. ಒಂದೇ ರಾತ್ರಿಗೆ ಹಂದಿ ಕಾಟ ಮುಗೀತದೆ" ಎನ್ನುತ್ತಾನೆ. ಅಪ್ಪನಿಗೂ ಬೆಳೆ ಹೋದ ಸಂಕಟ. "ಅಗ್ಗಕ್ಕೆ ಸಿಕ್ಕರೆ ನೋಡಾನ ಕಣಪ್ಪ" ಎಂದುಬಿಡುತ್ತಾನೆ. ಆ ಮಾತಿನ ಹಿಂದೆ ಎಷ್ಟು ದೊಡ್ಡ ಹಳ್ಳವಿದೆ ಎಂಬುದು ಇಬ್ಬರಿಗೂ ಗೊತ್ತಿಲ್ಲ.

ಮೊದಲು ಯಂತ್ರದ ವಿಷಯ. ಹಳೆಯ ಕೇಪಿನ ಕೋವಿಗೆ ನಳಿಗೆಯ ಬಾಯಿಯಿಂದ ಮದ್ದು, ಚರೆ ತುಂಬಬೇಕು. ಒಂಟಿನಳಿಗೆ, ಜೋಡುನಳಿಗೆ ಕೋವಿಗಳಿಗೆ ಹಿಂದಿನಿಂದ ತೋಟಾ ಹಾಕುತ್ತಾರೆ. ಇವುಗಳ ನಳಿಗೆಯ ಒಳಮೈ ನುಣುಪಾಗಿರುತ್ತದೆ. ರೈಫಲ್‌ನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ. ಗುಂಡು ಬುಗುರಿಯಂತೆ ತಿರುಗುತ್ತಾ ಹೊರಬರುವುದರಿಂದ ಗುರಿ ತಪ್ಪದೆ ಬಹುದೂರ ಹೋಗುತ್ತದೆ. ಸೆಮಿ ಆಟೋಮ್ಯಾಟಿಕ್ ಎಂದರೆ, ಹಾರಿದ ತೋಟಾದ ಶಕ್ತಿಯ ಒಂದು ಪಾಲೇ ಖಾಲಿ ಕೋಶವನ್ನು ಹೊರಗೆಸೆದು ಮುಂದಿನ ತೋಟಾವನ್ನು ತುಂಬುತ್ತದೆ. ಟ್ರಿಗರ್ ಎಳೆದಷ್ಟು ಸಲ ಗುಂಡು ಹಾರುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. .303 ರೈಫಲ್‌ನ ಗುಂಡಿನ ತೂಕ ಸುಮಾರು 11 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 740 ಮೀಟರ್. ಚಲನಶಕ್ತಿಯ ಸೂತ್ರದಂತೆ ಅದರ ಶಕ್ತಿ ಸುಮಾರು 3,000 ಜೂಲ್. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿನ ಶಕ್ತಿ 120 ಜೂಲ್ ಮಾತ್ರ. ಅಂದರೆ ಗುಂಡಿನಲ್ಲಿ ಇಪ್ಪತ್ತೈದು ಚೆಂಡುಗಳ ಶಕ್ತಿ ಅಡಗಿದೆ. ಗುರಿ ತಪ್ಪಿದ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಚನ್ನರಾಯನದುರ್ಗದ ಸುತ್ತ ಎಲ್ಲಿ ನೋಡಿದರೂ ಬಂಡೆ. ಬಂಡೆಗೆ ಬಡಿದ ಗುಂಡು ಯಾವ ದಿಕ್ಕಿಗೆ ಚಿಮ್ಮುತ್ತದೋ ಹೇಳಲಾಗದು. ರಾತ್ರಿ ಕಾವಲಿಗೆ ಬಂದ ಪಕ್ಕದ ಹೊಲದವನು, ಕುರಿಹಟ್ಟಿಯಲ್ಲಿ ಮಲಗಿದವನು ಅದರ ದಾರಿಯಲ್ಲಿರಬಹುದು.

ಇನ್ನು ಕಾನೂನು. 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿ ಮೊದಲು, ಬಂದೂಕು ಆಮೇಲೆ. 21 ವರ್ಷ ತುಂಬದವರಿಗೆ ಪರವಾನಗಿ ಸಿಗದು. ಎನ್‌ಸಿಸಿ ಶಿಬಿರದಲ್ಲಿ .22 ರೈಫಲ್ ಹಿಡಿದ ವಿದ್ಯಾರ್ಥಿ ಹಾಗೆ ಹಿಡಿದದ್ದು ಅಧಿಕಾರಿಗಳ ಎದುರಿನ ತರಬೇತಿಗಾಗಿ. ಮನೆಯಲ್ಲಿ ಇಟ್ಟುಕೊಳ್ಳಲು ಅದು ಅನುಮತಿಯಲ್ಲ. ಸೆಮಿ ಆಟೋಮ್ಯಾಟಿಕ್ ರೈಫಲ್‌ಗಳು 2016ರ ಆಯುಧ ನಿಯಮಗಳಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರಿವೆ. ಅವಕ್ಕೆ ಪರವಾನಗಿ ಕೊಡುವುದು ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ, ದೆಹಲಿಯ ಗೃಹ ಸಚಿವಾಲಯದ ಕೈಯಲ್ಲಿದೆ. ಹಂದಿ ಓಡಿಸಲು ಅದು ಸಿಗುವ ಮಾತಲ್ಲ.

ಆದರೆ ಕಾಯಿದೆ ರೈತನನ್ನು ಮರೆತಿಲ್ಲ. ಬೆಳೆ ರಕ್ಷಣೆಗೆಂದೇ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಲು ಅದರಲ್ಲಿ ಅವಕಾಶವಿದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಕೋವಿಯನ್ನೂ ಮಂಜೂರು ಮಾಡಬಹುದು. ಪೊಲೀಸರ ವರದಿ ಬಂದ ಮೇಲೆ ಜಿಲ್ಲಾಧಿಕಾರಿಗಳು ತೀರ್ಮಾನಿಸುತ್ತಾರೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ.

ಹಳೆಯ ಕೋವಿಯನ್ನು ಕೊಳ್ಳಬಾರದೆಂದಲ್ಲ. ಕೊಳ್ಳುವವನಿಗೆ ಪರವಾನಗಿ ಇರಬೇಕು. ಮಾರುವವನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಸಂತೆಯಲ್ಲಿ ಎತ್ತು ಕೊಂಡಂತೆ ಕೈಗೆ ಕೈ ಬದಲಾಯಿಸುವಂತಿಲ್ಲ.

ತಾತನ ಕೋವಿಯ ಕಥೆಯೂ ಹೀಗೇ. ಪರವಾನಗಿ ತಾತನ ಹೆಸರಿನದು. ತಾತ ತೀರಿಕೊಂಡ ಮೇಲೆ ಅದು ಮನೆಯವರದಾಗದು. ಕೋವಿಯನ್ನು ಅಟ್ಟದ ಮೇಲೆ ಇಡದೆ ಠಾಣೆಗೋ ಪರವಾನಗಿ ಪಡೆದ ಮಾರಾಟಗಾರರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ನಂತರ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಪರವಾನಗಿಯಿಲ್ಲದ ಬಂದೂಕು ಸಿಕ್ಕಿಬಿದ್ದರೆ ಎರಡರಿಂದ ಐದು ವರ್ಷ ಸೆರೆವಾಸ, ಜೊತೆಗೆ ದಂಡ. ಅಷ್ಟಕ್ಕೆ ಮುಗಿಯದು. ಮಗ ನಾಳೆ ಸರ್ಕಾರಿ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಹೋದಾಗ ಪೊಲೀಸ್ ಪರಿಶೀಲನೆಯಲ್ಲಿ ಆ ಮೊಕದ್ದಮೆ ಎದ್ದು ಬರುತ್ತದೆ.

"ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆಯಲ್ಲ?" ಎಂದು ಕೇಳುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಲಾಯಿತು. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ತುಮಕೂರು ಜಿಲ್ಲೆಗೆ ಅದು ಅನ್ವಯಿಸದು.

ಪರವಾನಗಿ ಇದ್ದರೂ ಪ್ರಾಣಿ ಕೊಲ್ಲುವ ಹಕ್ಕು ಬರುವುದಿಲ್ಲ. ನವಿಲು, ಕರಡಿ, ಚಿರತೆಗಳಿಗೆ 1972ರ ವನ್ಯಜೀವಿ ಕಾಯಿದೆಯ ಅತಿ ಹೆಚ್ಚಿನ ರಕ್ಷಣೆಯಿದೆ. ಕಾಡುಹಂದಿಯನ್ನೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲ.

ಹಾಗಾದರೆ ರೈತ ಮಾಡುವುದೇನು? ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕಬಹುದು. ನಾಲ್ಕಾರು ಹೊಲದವರು ಸೇರಿ ಸೋಲಾರ್ ಬೇಲಿ ಹಾಕಬಹುದು. ಅದರ ಆಘಾತ ಕ್ಷಣಮಾತ್ರದ್ದು. ಪ್ರಾಣಿ ಬೆದರಿ ಓಡುತ್ತದೆ, ಸಾಯುವುದಿಲ್ಲ. ಕಂಬದ ತಂತಿಯಿಂದ ನೇರ ಕರೆಂಟ್ ಎಳೆದ ಬೇಲಿ ಮಾತ್ರ ಯಮನ ಪಾಶ. ಅದಕ್ಕೆ ಹಂದಿ ಯಾವುದು, ಮನುಷ್ಯ ಯಾರು ಎಂಬ ಭೇದವಿಲ್ಲ.

ಕಡಲೆಕಾಯಿ ಈ ವರ್ಷ ಹೋದರೆ ಮುಂದಿನ ವರ್ಷ ಬಿತ್ತಬಹುದು. ಹಾರಿದ ಗುಂಡನ್ನು ಮಾತ್ರ ಯಾರೂ ಹಿಂದಕ್ಕೆ ಕರೆಯಲಾರರು. ಅಪ್ಪ ಮಗ ಇಬ್ಬರೂ ಒಂದು ದಿನ ಬಿಡುವು ಮಾಡಿಕೊಂಡು ತಾತನ ಕೋವಿಯ ಕಾಗದಪತ್ರ ಹುಡುಕಿಕೊಂಡು ಠಾಣೆಗೆ ಹೋಗಿ ಬರುವುದೇ ಈಗ ಅವರು ಮಾಡಬೇಕಾದ ಮೊದಲ ಕೆಲಸ.