ಲಿಂಬೆಯ ತೊಳೆಯೊಳಗೆ ಏನೇನಿದೆ?

‘ಅಂಗಾಂಶ ಎಂದರೇನು?’ ಎಂದು ಒಂಬತ್ತನೆಯ ಇಯತ್ತೆಯ ಮಗುವನ್ನು ಕೇಳಿ ನೋಡಿ. ‘ಒಂದೇ ಬಗೆಯ ಕೆಲಸ ಮಾಡುವ ಜೀವಕೋಶಗಳ ಗುಂಪು’ ಎಂದು ತಡವರಿಸದೆ ಹೇಳುತ್ತದೆ. ‘ಒಂದನ್ನು ತೋರಿಸು’ ಎಂದರೆ ಮಾತ್ರ ಪುಸ್ತಕದ ಚಿತ್ರದ ಮೇಲೆ ಬೆರಳಿಡುತ್ತದೆ. ಮನೆಯಲ್ಲಿ ಸೂಕ್ಷ್ಮದರ್ಶಕ ಇಲ್ಲವಲ್ಲ ಎನ್ನುವ ಪಾಲಕರಿಗೆ ಒಂದು ಮಾತು: ಅಂಗಾಂಶದ ಕಲ್ಪನೆಗೆ ಗಟ್ಟಿ ರೂಪ ಕೊಟ್ಟ ಪ್ಯಾರಿಸಿನ ವೈದ್ಯ ಬಿಷಾ ಸೂಕ್ಷ್ಮದರ್ಶಕವನ್ನು ನಂಬಿದವನೇ ಅಲ್ಲ. 1801ರ ಹೊತ್ತಿಗೆ ಅವನು ಮನುಷ್ಯನ ದೇಹದಲ್ಲಿ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ್ದ. ಸಸ್ಯ, ಪ್ರಾಣಿಗಳೆಲ್ಲ ಕೋಶಗಳಿಂದಾದವು ಎಂದು ಶ್ಲೈಡನ್ ಮತ್ತು ಶ್ವಾನ್ ಸಾರಿದ್ದು ಅದಾದ ಮೇಲೆ, 1838–39ರಲ್ಲಿ.

ನಮ್ಮ ಇಂಡಿಯ ಲಿಂಬೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು. ಅದನ್ನೇ ಅಡ್ಡಕ್ಕೆ ಕೊಯ್ದು ಬೆಳಕಿಗೆ ಹಿಡಿಯಿರಿ. ಹಣ್ಣು ಒಂದು ಅಂಗ. ಸಿಪ್ಪೆಯಲ್ಲಿರುವ ಸಣ್ಣ ಚುಕ್ಕೆಗಳು ಎಣ್ಣೆಯ ಗ್ರಂಥಿಗಳು. ಹಿರಿಯರು ಹತ್ತಿರವಿದ್ದಾಗ ಸಿಪ್ಪೆಯನ್ನು ದೀಪದ ಮುಂದೆ ಹಿಚುಕಿದರೆ ಚಟಚಟ ಕಿಡಿ ಹಾರುವುದು ಈ ಎಣ್ಣೆಯಿಂದ. ಅದರ ಕೆಳಗೆ ತೆಳುವಾದ ಬಿಳಿ ಪದರು, ಆಮೇಲೆ ತೊಳೆಗಳು. ತೊಳೆ ಬಿಡಿಸಿದರೆ ಉದ್ದನೆಯ ಹನಿಗಳಂತಹ ರಸದ ಚೀಲಗಳು.

ಇಲ್ಲಿ ತುಸು ನಿಲ್ಲಬೇಕು. ಈ ಒಂದೊಂದು ಚೀಲವೂ ಒಂದು ದೊಡ್ಡ ಜೀವಕೋಶ ಎನ್ನುವವರಿದ್ದಾರೆ. ಅದು ನಿಜವಲ್ಲ. ತೊಳೆಯ ಒಳಗೋಡೆಯಿಂದ ಕೂದಲಿನಂತೆ ಹುಟ್ಟಿ, ಬೆಳೆದು ಉಬ್ಬಿದ ರಚನೆ ಅದು. ಅದರಲ್ಲಿ ಅನೇಕ ಕೋಶಗಳಿವೆ. ಹೊರಗೆ ಒತ್ತಾಗಿ ಜೋಡಿಸಿಕೊಂಡ ಹೊದಿಕೆಯ ಕೋಶಗಳು, ಒಳಗೆ ತೆಳುಗೋಡೆಯ ದೊಡ್ಡ ಕೋಶಗಳು.

ಹುಳಿ ಇರುವುದು ಆ ಒಳಕೋಶಗಳಲ್ಲಿ, ಅಲ್ಲಿಯೂ ರಸದಾನಿಯೊಳಗೆ. ರಸದಾನಿಯ ಪಿಎಚ್ 2ರ ಸುಮಾರು, ಸುತ್ತಲಿನ ಕೋಶದ್ರವ್ಯದ್ದು 7ರ ಆಸುಪಾಸು. ಅಂದರೆ ಹೈಡ್ರೋಜನ್ ಅಯಾನುಗಳ ಸಾಂದ್ರತೆಯಲ್ಲಿ ಒಂದು ಲಕ್ಷ ಪಟ್ಟು ವ್ಯತ್ಯಾಸ! ನಡುವೆ ಇರುವುದು ಒಂದೇ ಒಂದು ಪೊರೆ. ಅದರಲ್ಲಿರುವ ಪ್ರೋಟೀನುಗಳು ಶಕ್ತಿ ವ್ಯಯಿಸಿ ಅಯಾನುಗಳನ್ನು ಒಳಕ್ಕೆ ತಳ್ಳುತ್ತಿರುತ್ತವೆ. ಪೊರೆ ಹರಿದರೆ ಕೋಶ ತನ್ನ ಹುಳಿಯಲ್ಲೇ ಸಾಯುತ್ತದೆ. ಶರಬತ್ತಿಗೆ ಲಿಂಬೆ ಹಿಂಡುವಾಗ ನಾವು ಮಾಡುವುದು ಅದನ್ನೇ.

ನೀರು ತರುವ ಕ್ಸೈಲಂ, ಸಕ್ಕರೆ ತರುವ ಫ್ಲೋಯಂ ನಾಳಗಳು ತೊಳೆಯ ಗೋಡೆಯವರೆಗಷ್ಟೇ ಬರುತ್ತವೆ. ಕಿತ್ತಳೆ ತೊಳೆಯ ಬೆನ್ನಿಗಿರುವ ಬಿಳಿ ನಾರು ಇವೇ. ರಸದ ಚೀಲದೊಳಗೆ ನಾಳವಿಲ್ಲ. ಮುಂದಿನ ದಾರಿಯನ್ನು ಸಕ್ಕರೆ ಕೋಶದಿಂದ ಕೋಶಕ್ಕೆ ದಾಟುತ್ತ ಸಾಗಬೇಕು.

ಈ ನಾಳಗಳನ್ನು ಚೆನ್ನಾಗಿ ನೋಡಲು ಲಿಂಬೆ ತೋಟವೇ ಬೇಕಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳು ಹೊಲದಿಂದ ಹಸಿ ಜೋಳದ ದಂಟು, ಎಳೆಯ ತೊಗರಿ ಕಡ್ಡಿ ತಂದು ಅಡ್ಡಕ್ಕೆ ಕೊಯ್ಯಲಿ. ಜೋಳದಲ್ಲಿ ನಾಳಗಳ ಕಂತೆಗಳು ಚುಕ್ಕೆ ಚುಕ್ಕೆಯಾಗಿ ಹರಡಿವೆ, ತೊಗರಿಯಲ್ಲಿ ಉಂಗುರದಂತೆ ಕೂತಿವೆ. ಆ ಉಂಗುರದಲ್ಲಿರುವ ಕೇಂಬಿಯಂ ಎಂಬ ಅಂಗಾಂಶ ಕಟ್ಟಿಗೆಯನ್ನು ಸೇರಿಸುತ್ತ ಹೋಗುತ್ತದೆ. ಜೋಳಕ್ಕೆ ಅದಿಲ್ಲ. ತೊಗರಿ ಕಟ್ಟಿಗೆ ಒಲೆಗೆ, ಜೋಳದ ಕಣಿಕೆ ದನಕ್ಕೆ ಆದದ್ದರಲ್ಲಿ ಇದರ ಪಾಲೂ ಇದೆ.

ಬೇರು, ಎಲೆ, ಹಣ್ಣು ಬೇರೆ ಬೇರೆ ಅಂಗಗಳಾದರೂ ಲೆಕ್ಕ ಒಂದೇ ಎಂಬುದು ನೀರು ಕಡಿಮೆಯಾದಾಗ ತಿಳಿಯುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಂಡಿ ಭಾಗದ ರೈತರು ಟ್ಯಾಂಕರಿನಲ್ಲಿ ನೀರು ತಂದು ಲಿಂಬೆ ಗಿಡ ಉಳಿಸಿಕೊಂಡದ್ದುಂಟು. ಸುಡುವ ಹಗಲಿನಲ್ಲಿ ಎಲೆಯ ಪತ್ರರಂಧ್ರಗಳಿಂದ ಹೋದಷ್ಟು ನೀರನ್ನು ಬೇರು ತರಲಾರದೆ ಹೋದರೆ ಎಲೆ ಹಣ್ಣಿಗೇ ಕೈಹಾಕುತ್ತದೆ. ಹಗಲು ಹಣ್ಣು ತುಸು ಕುಗ್ಗುತ್ತದೆ, ರಾತ್ರಿ ಮತ್ತೆ ತುಂಬಿಕೊಳ್ಳುತ್ತದೆ. ಲಿಂಬೆಯ ಬಳಗದ ಲೆಮನ್ ಹಣ್ಣಿನಲ್ಲಿ ಎಲೆಗಳು ಹೀಗೆ ನೀರೆಳೆಯುವುದನ್ನು ಕ್ಯಾಲಿಫೋರ್ನಿಯದ ಬಾರ್ಥೋಲೊಮ್ಯೂ 1926ರಲ್ಲಿ ವಿವರಿಸಿದ್ದರು.

ನೀವೂ ಪರೀಕ್ಷಿಸಿ. ಒಂದೇ ಅಳತೆಯ, ಸುಮಾರು ಅಷ್ಟೇ ಎಲೆಗಳಿರುವ ಎರಡು ರೆಂಬೆ ತೆಗೆದುಕೊಳ್ಳಿ. ಒಂದರಲ್ಲಿ ಹಣ್ಣಿರಲಿ, ಇನ್ನೊಂದರಲ್ಲಿ ಬೇಡ. ನೀರಿಗಿಡದೆ ನೆರಳಿನಲ್ಲಿ ತೂಗುಹಾಕಿ. ಯಾವುದರ ಎಲೆ ಮೊದಲು ಬಾಡಿತು, ಎಷ್ಟು ಹೊತ್ತಿಗೆ, ಹಣ್ಣು ಎಷ್ಟು ಮೆತ್ತಗಾಯಿತು ಎಂದು ಬರೆದಿಡಿ. ರೆಂಬೆ ಕತ್ತರಿಸುವ ಮುಂಚೆ ತೋಟದವರ ಅಪ್ಪಣೆ ಪಡೆಯಿರಿ. ಮುಳ್ಳಿನ ಬಗ್ಗೆ ಎಚ್ಚರ.