ನೇರನುಡಿಯೂ ಬಳಸುನುಡಿಯೂ

ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ನಾಲ್ಕು ಮಾತು ಬರೆಯತಕ್ಕದ್ದೆಂಬುದು ವಾಡಿಕೆ. ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಆಟಪಾಠಗಳ ವರದಿ ಇವೆಲ್ಲವೂ ಬೇರೆ ಪುಟಗಳಲ್ಲಿ ಅಚ್ಚಾಗಿರುವುದರಿಂದ, ಬಹುದಿನಗಳಿಂದ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಒಂದು ವಿಷಯವನ್ನು ಪೂರ್ವ ವಿದ್ಯಾರ್ಥಿನಿಯರ ಮುಂದೆಯೂ ತಾಯಿತಂದೆಗಳ ಮುಂದೆಯೂ ಇಡಲು ಅಪ್ಪಣೆ ಬೇಡುತ್ತೇವೆ. ಅದು ನಾವು ಪ್ರತಿದಿನ ಆಡುವ ಮಾತಿನ ವಿಷಯ.

ಮಾತನಾಡುವ ರೀತಿಗಳು ಎರಡು. ಮನಸ್ಸಿನಲ್ಲಿರುವುದನ್ನು ಇದ್ದ ಹಾಗೆಯೇ ಎದುರಿಗಿಟ್ಟು ಹೇಳುವುದು ಒಂದು. ಅದನ್ನು ಸೂಚನೆಯಿಂದಲೋ ಮೌನದಿಂದಲೋ ಮತ್ತೊಬ್ಬರ ಮೇಲೆ ಇಟ್ಟೋ ತಿಳಿಸುವುದು ಇನ್ನೊಂದು. ಮೊದಲನೆಯದನ್ನು ನೇರನುಡಿಯೆಂದೂ ಎರಡನೆಯದನ್ನು ಬಳಸುನುಡಿಯೆಂದೂ ಕರೆಯೋಣ. ಈಗಿನ ಕಾಲದಲ್ಲಿ ನೇರನುಡಿಗೆ ಬಹಳ ಮರ್ಯಾದೆ. ಹೆಬ್ಬಾಳದಾಚೆಯ ಮಾನ್ಯತಾ ಮುಂತಾದ ಕಡೆಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ, “ಮಿಸ್, ನೀವು ನಮಗೆ ವ್ಯಾಕರಣವನ್ನು ಕಲಿಸಿದಿರಿ, ಗಣಿತವನ್ನು ಕಲಿಸಿದಿರಿ, ಆಗುವುದಿಲ್ಲ ಎಂದು ಹೇಳುವುದನ್ನು ಮಾತ್ರ ಕಲಿಸಲಿಲ್ಲ” ಎಂದು ನಗುವುದುಂಟು. ಪರದೇಶದ ಮೇಲಧಿಕಾರಿಯೊಬ್ಬನು ಕೆಲಸವು ಶುಕ್ರವಾರದೊಳಗೆ ಮುಗಿಯುವುದೇ ಎಂದು ಕೇಳಿದರೆ ಇವರು “ನೋಡೋಣ” ಎನ್ನುವರಂತೆ. ನಮ್ಮಲ್ಲಿ ಆ ಮಾತಿಗೆ ಹೆಚ್ಚುಕಡಮೆ “ಆಗದು” ಎಂದೇ ಅರ್ಥ; ಆತನಿಗಾದರೋ ಅದು “ಆಗಬಹುದು” ಎಂದು ಕೇಳಿಸುವುದು. ಶುಕ್ರವಾರ ಬಂದಾಗ ಇವರು ಮಾತಿಗೆ ತಪ್ಪಿದವರೆಂದು ಆತನೂ, ಆತನು ಒರಟನೆಂದು ಇವರೂ ಬಗೆಯುವರು. ಇಬ್ಬರಲ್ಲಿ ಒಬ್ಬರೂ ಸುಳ್ಳಾಡಿದವರಲ್ಲ.

ಹಾಗೆಂದು ಬಳಸುನುಡಿಯೆಲ್ಲವೂ ಕಪಟವೆಂದೂ ಹೇಡಿತನವೆಂದೂ ಹೇಳುವವರ ಪಕ್ಷವನ್ನು ನಾವು ಸೇರಲಾರೆವು. ನಮ್ಮ ಮನೆಗಳನ್ನೇ ನೋಡಿರಿ. ಡಬ್ಬಿಯಲ್ಲಿ ಅಕ್ಕಿ ಮುಗಿದಾಗ ಅಜ್ಜಿಯರು “ಅಕ್ಕಿ ಹೆಚ್ಚಿದೆ” ಎನ್ನುತ್ತಿದ್ದರು. ಬಳೆ ಒಡೆದರೆ “ಬಳೆ ಹೆಚ್ಚಿತು” ಎಂದರು. ದೀಪವನ್ನು ಆರಿಸೆನ್ನದೆ “ದೀಪ ದೊಡ್ಡದು ಮಾಡು” ಎಂದರು. ಮನೆಯಿಂದ ಹೊರಡುವವರು “ಹೋಗುತ್ತೇನೆ” ಎಂದರೆ ಅದು ಕಿವಿಗೆ ಕಟುವಾಗುವುದು. “ಹೋಗಿ ಬರುತ್ತೇನೆ” ಎಂದರೇ ಸಮಾಧಾನ. ಸಾವಿನ ವಿಷಯದಲ್ಲಂತೂ ಎಲ್ಲ ಮತದವರೂ ಬಳಸಿಯೇ ಆಡುವರು. ಒಬ್ಬರು ಲಿಂಗೈಕ್ಯರಾದರೆನ್ನುವರು, ಒಬ್ಬರು ದೈವಾಧೀನರಾದರೆನ್ನುವರು, ನಮ್ಮ ಸಭೆಗಳಲ್ಲಿ ಕರ್ತನಲ್ಲಿ ನಿದ್ರೆಹೋದರೆನ್ನುವೆವು. ಇವುಗಳಿಂದ ಮೋಸಹೋದವರು ಯಾರಾದರೂ ಉಂಟೇ? ಹೇಳುವವರಿಗೂ ಕೇಳುವವರಿಗೂ ಅರ್ಥವು ಹಗಲಿನಷ್ಟು ಸ್ಪಷ್ಟ. ನೋವಿನ ಮೇಲೆ ಹೊದಿಸಿದ ಮೃದುವಾದ ಬಟ್ಟೆಯಂತೆ ಮಾತು ಇಲ್ಲಿ ಕೆಲಸಮಾಡುವುದು.

ಈ ಸಂಪ್ರದಾಯವು ನಿನ್ನೆ ಮೊನ್ನೆಯದಲ್ಲ. ೨೦೧೮ರಲ್ಲಿ ನಮ್ಮ ನೆರೆಯ ಹೆಬ್ಬಾಳದಲ್ಲಿಯೇ, ಗಂಗರ ಶ್ರೀಪುರುಷನ ಕಾಲದ, ಕ್ರಿಸ್ತಶಕ ಸುಮಾರು ೭೫೦ರ ವೀರಗಲ್ಲೊಂದು ಬೆಳಕಿಗೆ ಬಂದುದನ್ನು ಅನೇಕರು ಬಲ್ಲರು. ಊರಿಗಾಗಿ ಕಾದಿ ಮಡಿದ ಕಿಟ್ಟಯ್ಯನೆಂಬ ವೀರನ ಕಲ್ಲು ಅದು. ಅವನು ಇಂದ್ರನ ಲೋಕವನ್ನು ಹೊಕ್ಕನೆಂದು ಅದರಲ್ಲಿ ಕೆತ್ತಿದೆ. ಒಂದು ಸಾವಿರದ ಇನ್ನೂರು ವರುಷಗಳಿಗೂ ಹಿಂದೆ ಇಲ್ಲಿ ದುಃಖಪಟ್ಟವರು ನಮ್ಮ ಅಜ್ಜಿಯರಂತೆಯೇ ಮಾತನಾಡಿದರು. ಅದಾದ ಸುಮಾರು ನೂರು ವರುಷಗಳಿಗೆ ಹುಟ್ಟಿದ ಕವಿರಾಜಮಾರ್ಗವು, ಕನ್ನಡನಾಡಿನ ಜನಕ್ಕೆ ಮಾತಿನ ಹದವೂ ಉಂಟು, ಕೇಳಿದ ಮಾತಿನ ಒಳಗನ್ನು ಅರಿಯುವ ಶಕ್ತಿಯೂ ಉಂಟು ಎಂಬರ್ಥದಲ್ಲಿ ಅವರನ್ನು ಕೊಂಡಾಡಿದೆ. ಇಲ್ಲಿ ಎರಡನೆಯ ಗುಣವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಬಳಸಿ ಆಡುವ ಜನವು ಒಳಹೊಕ್ಕು ಕೇಳುವ ಜನವೂ ಆಗಿದ್ದರೆ ಮಾತ್ರ ಬಳಸುನುಡಿಗೆ ಬೆಲೆ.

ಯಲಹಂಕದಿಂದ ದೊಡ್ಡಬಳ್ಳಾಪುರದ ದಾರಿ ಹಿಡಿದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ಇನ್ನೊಂದು ವಿಚಿತ್ರವನ್ನು ಕಂಡಿರಬಹುದು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಕೂಗುವುದಿಲ್ಲ. ಕೊಳ್ಳುವವನೂ ದಳ್ಳಾಳಿಯೂ ಒಂದು ಟವೆಲಿನ ಮರೆಯಲ್ಲಿ ಕೈ ಹಿಡಿದು ಬೆರಳುಗಳನ್ನು ಒತ್ತಿ ವ್ಯಾಪಾರವನ್ನು ಕುದುರಿಸುವರು. ಸುತ್ತ ನಿಂತವರಿಗೆ ಏನೂ ತಿಳಿಯದು. ಅವರಿಬ್ಬರಿಗೆ ಒಂದು ರೂಪಾಯಿಯೂ ತಪ್ಪದು. ಒಪ್ಪಿಗೆಯಾಗದಿದ್ದರೆ ಯಾರ ಮಾನವೂ ಹೋಗದು. ಬಳಸುನುಡಿಯ ಒಳ್ಳೆಯತನವೆಲ್ಲವೂ ಆ ಟವೆಲಿನ ಕೆಳಗಿದೆಯೆಂದು ನಮಗೆ ತೋರುವುದು. ಆದರೆ ಬೆರಳಿನ ಲೆಕ್ಕವನ್ನರಿಯದ ಹುಡುಗನನ್ನು ಅಲ್ಲಿ ನಿಲ್ಲಿಸಿದರೆ ಎತ್ತೂ ಹೋಯಿತು, ಹಣವೂ ಹೋಯಿತು! ಸಂಕೇತವು ಎರಡು ಕೈಗಳಿಗೂ ತಿಳಿದಿರಬೇಕು. ಒಂದೇ ಕೈಗೆ ತಿಳಿದಿದ್ದರೆ ಅದು ಮಾತೇ ಅಲ್ಲ.

ಇಷ್ಟರ ಮೇಲೆ ಇನ್ನೊಂದು ಸಂಗತಿಯನ್ನು ಮರೆಯಲಾಗದು. ನಮ್ಮ ಸಂಸಾರಗಳಲ್ಲಿ ಎಲ್ಲರೂ ಸಮನಾಗಿ ಬಳಸಿ ಆಡುವುದಿಲ್ಲ. ಯಜಮಾನರು ನೇರವಾಗಿಯೇ ಅಪ್ಪಣೆ ಮಾಡುವರು, ಸೊಸೆಯು ಸೂಚಿಸುವಳು. ತಂದೆಯು “ಬೇಡ” ಎನ್ನುವನು. ಮಗಳು ಮೌನವಾಗಿರುವಳು, ಆ ಮೌನವನ್ನು ಸಮ್ಮತಿಯ ಲೆಕ್ಕಕ್ಕೆ ಬರೆದುಕೊಳ್ಳುವರು. ಮನೆಗೆಲಸದಾಕೆಗೆ ಮುಂಗಡ ಬೇಕಾದರೆ ಮಗುವಿನ ಜ್ವರದ ಕಥೆಯಿಂದ ಮೊದಲುಮಾಡಬೇಕು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯನ್ನು ಕೇಳಿ ನಾವೆಲ್ಲ ನಕ್ಕಿದ್ದೇವೆ. ಆದರೆ ಅತ್ತೆಗೆ ಹೇಳಲು ದಾರಿಯಿಲ್ಲದುದರಿಂದಲೇ ಕೊತ್ತಿಗೆ ಪೆಟ್ಟು ಬಿತ್ತೆಂಬುದನ್ನು ಯೋಚಿಸಿದ್ದೇವೆಯೇ? ಬಲವುಳ್ಳವರಿಗೆ ಬಳಸುನುಡಿಯು ಸೌಜನ್ಯ. ಬಲವಿಲ್ಲದವರಿಗೆ ಅದೊಂದೇ ಗತಿ. ಹೊರಗಿನಿಂದ ಎರಡೂ ಒಂದೇ ಬಗೆಯ ನಯವಾಗಿ ಕಾಣುವುದೇ ಇಲ್ಲಿರುವ ಅಪಾಯ.

ಈ ಮಾತನ್ನು ನಾವು ಪುಸ್ತಕದಿಂದ ಕಲಿತುದಲ್ಲ. ನಮ್ಮ ತಪ್ಪಿನಿಂದ ಕಲಿತೆವು. ಉಪಾಧ್ಯಾಯಿನಿಯಾಗಿ ಸೇರಿದ ಮೊದಲ ವರುಷಗಳಲ್ಲಿ ನಮ್ಮ ವಶದಲ್ಲಿ ಒಂಬತ್ತನೆಯ ತರಗತಿ ಇತ್ತು. ವರುಷದ ಕೊನೆಯಲ್ಲಿ ಮುಂದಿನ ಸಾಲಿನ ಸಮವಸ್ತ್ರಕ್ಕೆ ದರ್ಜಿಯು ಅಳತೆ ತೆಗೆದುಕೊಳ್ಳುತ್ತಿದ್ದನು. ಒಬ್ಬ ಹುಡುಗಿ, ಪಾಠದಲ್ಲಿ ಚುರುಕಾದವಳು, ಸಾಲಿನಿಂದ ಹೊರಗೆ ಬಂದು ನಮ್ಮ ಮೇಜಿನ ಬಳಿ ನಿಂತು, “ಮಿಸ್, ನನಗೆ ಅಳತೆ ಬೇಡ. ಇರುವುದೇ ಸಾಕು” ಎಂದಳು. ನಾವು ಮೆಚ್ಚಿದೆವು. ತಂದೆಯ ಹಣದ ಮೇಲೆ ಇಷ್ಟು ಎಚ್ಚರವುಳ್ಳವಳೆಂದು ತರಗತಿಯ ಮುಂದೆ ಹೊಗಳಿಯೂ ಬಿಟ್ಟೆವು. ಅವಳು ಇನ್ನೂ ಒಂದು ನಿಮಿಷ ಅಲ್ಲಿಯೇ ನಿಂತಿದ್ದು ಹೋಗಿ ಕುಳಿತುಕೊಂಡಳು. ಆ ಒಂದು ನಿಮಿಷ ಈಗಲೂ ನಮ್ಮ ಕಣ್ಣಿನ ಮುಂದಿದೆ. ಬೇಸಗೆಯ ರಜ ಕಳೆದು ಶಾಲೆ ತೆರೆದಾಗ ಅವಳು ಬರಲಿಲ್ಲ. ಊರಿನಲ್ಲಿ ಅವಳ ಮದುವೆಯಾಗಿತ್ತು. ಆಗ ಅವಳಿಗೆ ಹದಿನೈದು ವರುಷ.

ಹದಿನಾರು ವರುಷಗಳಾದ ಮೇಲೆ ಅವಳು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ನಮ್ಮ ಕೊಠಡಿಗೆ ಬಂದಳು. ನಾವು ತಡವರಿಸುತ್ತಾ, “ನೀನು ಆಗ ಒಂದು ಮಾತು ಹೇಳಬಾರದಾಗಿತ್ತೇ ಅಮ್ಮ?” ಎಂದು ಕೇಳಿದೆವು. ಅವಳು ಯಾವ ದೂರೂ ಇಲ್ಲದ ಧ್ವನಿಯಲ್ಲಿ, “ಹೇಳಿದೆನಲ್ಲ ಮಿಸ್” ಎಂದಳು.

ಅವಳು ಹೇಳಿದ್ದಳು. ಹದಿನೈದು ವರುಷದ ಹುಡುಗಿಯು, ಹೆತ್ತವರನ್ನು ಪರರ ಮುಂದೆ ದೂರಬಾರದೆಂದು ಕಲಿತವಳು, ಎಷ್ಟು ಹೇಳಬಹುದೋ ಅಷ್ಟನ್ನು ಹೇಳಿದ್ದಳು. ಕೇಳುವವರಿಗೆ ಕಿವಿಯಿರಲಿಲ್ಲ. ಹದಿನೆಂಟು ತುಂಬದ ಹುಡುಗಿಯ ವಿವಾಹವನ್ನು ಕಾನೂನು ಆಗಲೂ ನಿಷೇಧಿಸಿತ್ತು. ೨೦೦೬ರ ಅಧಿನಿಯಮವು ಅದನ್ನು ಇನ್ನೂ ಬಿಗಿಮಾಡಿತು. ಆದರೆ ಕಾನೂನಿಗೆ ಸೂಚನೆಗಳು ಕೇಳಿಸುವುದಿಲ್ಲ. ಯಾರಾದರೊಬ್ಬರು ಅದನ್ನು ನೇರವಾದ ಮಾತಿಗೆ ತಿರುಗಿಸಿ ಹೇಳಬೇಕು. ಆ ದಿನ ಹಾಗೆ ತಿರುಗಿಸತಕ್ಕವರು ನಾವಾಗಿದ್ದೆವು.

ಯಲಹಂಕದ ಸುತ್ತಿನ ಮಕ್ಕಳಿಗೆ ವಿಮಾನವು ಹೊಸತಲ್ಲ. ೧೯೯೬ರಿಂದ ಇಲ್ಲಿನ ವಾಯುನೆಲೆಯಲ್ಲಿ ನಡೆದುಬಂದಿರುವ ಪ್ರದರ್ಶನದ ದಿನಗಳಲ್ಲಿ ಆಕಾಶದ ಗುಡುಗಿನಿಂದ ಪಾಠವೇ ನಿಲ್ಲುವುದು. ಆದುದರಿಂದ ಮೇಲಿನ ತರಗತಿಯವರಿಗೆ ಈ ವಿಷಯವನ್ನು ಹೇಳುವಾಗ ನಾವು ವಿಮಾನದ ಉದಾಹರಣೆಯನ್ನೇ ಕೊಡುತ್ತೇವೆ. ೧೯೯೦ನೆಯ ಇಸವಿ ಜನವರಿ ೨೫ರಂದು ಕೊಲಂಬಿಯಾ ದೇಶದ ಆವಿಯಾಂಕಾ ವಿಮಾನವೊಂದು ನ್ಯೂಯಾರ್ಕಿಗೆ ಬಂದಿತು. ಹವೆ ಕೆಟ್ಟಿದ್ದುದರಿಂದ ಅದನ್ನು ಒಂದು ಗಂಟೆಗಿಂತಲೂ ಹೆಚ್ಚು ಹೊತ್ತು ಆಕಾಶದಲ್ಲಿಯೇ ಸುತ್ತಿಸಿ ಕಾಯಿಸಿದರು. ಇಂಧನವು ತೀರುತ್ತಿದೆಯೆಂದೂ ತಮಗೆ ಆದ್ಯತೆ ಬೇಕೆಂದೂ ಚಾಲಕರು ನೆಲದವರಿಗೆ ತಿಳಿಸಿದರು; ಆದರೆ ತುರ್ತು ಪರಿಸ್ಥಿತಿ ಎಂಬ ಒಂದು ಮಾತನ್ನು ಆಡಲಿಲ್ಲ. ನೆಲದವರು ಅದನ್ನು ಎಲ್ಲರೂ ಹೇಳುವ ಸಾಧಾರಣ ಮಾತೆಂದೇ ಎಣಿಸಿದರು. ಇಂಧನ ಬರಿದಾಗಿ ವಿಮಾನವು ಬಿದ್ದಿತು. ಒಳಗಿದ್ದ ೧೫೮ ಮಂದಿಯಲ್ಲಿ ೭೩ ಮಂದಿ ಮಡಿದರು. ತುರ್ತನ್ನು ಸ್ಪಷ್ಟವಾಗಿ ತಿಳಿಸದುದೂ ಒಂದು ಕಾರಣವೆಂದು ವಿಚಾರಣೆಯವರು ನಿರ್ಣಯಿಸಿದರು. ಇಬ್ಬರಿಗೂ ತಿಳಿಯುವಂಥ ಗೊತ್ತಾದ ಪದಗಳು ಇಲ್ಲದಿದ್ದುದನ್ನೂ ಎತ್ತಿ ಹೇಳಿದರು. ನಮ್ಮ ಟವೆಲಿನ ಕೆಳಗಿನ ಬೆರಳಿನ ಮಾತೇ ಇದು. ಒಂದು ಕೈಗೆ ಲೆಕ್ಕ ತಿಳಿಯದೆಹೋಯಿತು.

ಹಾಗಾದರೆ ಯಾವಾಗ ಬಳಸಿ ಆಡಬೇಕು, ಯಾವಾಗ ನೇರವಾಗಿ ಆಡಬೇಕು? ನಾತಾನ ಪ್ರವಾದಿಯ ವೃತ್ತಾಂತವು ನಮ್ಮ ಬಾಲಿಕೆಯರಿಗೆಲ್ಲ ತಿಳಿದಿರುವುದಷ್ಟೆ. ಪರರ ಹೆಂಡತಿಯನ್ನು ಅಪಹರಿಸಿದ ದಾವೀದರಸನ ಮುಂದೆ ಅವನು ಮೊದಲು ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಧನಿಕನ ಕಥೆಯನ್ನು ಹೇಳಿದನು. ಅರಸನ ಮನಸ್ಸು ಕರಗಿ ನ್ಯಾಯಕ್ಕೆ ತಿರುಗಿದೊಡನೆ ಆ ಧನಿಕನು ಯಾರೆಂಬುದನ್ನು ಮರೆಮಾಚದೆ ಮುಖದ ಮೇಲೆಯೇ ಹೇಳಿದನು. ಕಥೆಯನ್ನು ಹೇಳದೆ ಬೈದಿದ್ದರೆ ಅರಸನು ಕಿವಿಗೊಡುತ್ತಿರಲಿಲ್ಲ. ಕಥೆಯನ್ನು ಹೇಳಿ ಸುಮ್ಮನಿದ್ದಿದ್ದರೆ ಅರಸನು ಮತ್ತೊಬ್ಬನನ್ನು ಶಿಕ್ಷಿಸಿ ನಿದ್ರೆಮಾಡುತ್ತಿದ್ದನು. ಬಳಸುನುಡಿಯು ಬಾಗಿಲನ್ನು ತೆರೆಯಿತು. ನೇರನುಡಿಯು ಒಳಗೆ ಪ್ರವೇಶಿಸಿತು.

ನಮ್ಮ ಅಭಿಪ್ರಾಯವನ್ನು ಈಗ ಸ್ಪಷ್ಟವಾಗಿ ಹೇಳುವೆವು. ಪರರ ದುಃಖ, ಪರರ ಬಡತನ, ಪರರ ರೂಪ, ಪರರ ಸೋಲು, ಇವುಗಳ ವಿಷಯದಲ್ಲಿ ಬಳಸಿ ಆಡುವುದೇ ಧರ್ಮ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುವುದು ನಿಜ. ಆ ಕೋಪವು ಎಷ್ಟೋ ವೇಳೆ ನ್ಯಾಯವಾದುದೂ ಹೌದು. ಕೈಯಲ್ಲಿ ಮೊಬೈಲು ಹಿಡಿದು ನಿಮಿಷಕ್ಕೊಂದು ಕಟುವಾದ ಸಂದೇಶವನ್ನು ಕಳುಹಿಸಿ “ನಾನು ನೇರವಾದವಳು” ಎಂದು ಬೀಗುವುದನ್ನು ನಾವು ಸತ್ಯನಿಷ್ಠೆಯೆಂದು ಎಣಿಸುವುದಿಲ್ಲ. ಆದರೆ ಅಪಾಯದಲ್ಲಿ, ನಿರಾಕರಣೆಯಲ್ಲಿ, ತಪ್ಪನ್ನು ಒಪ್ಪಿಕೊಳ್ಳುವುದರಲ್ಲಿ, ಕೊಟ್ಟ ಮಾತಿನಲ್ಲಿ, ಈ ನಾಲ್ಕರಲ್ಲಿ ನೇರವಾಗಿಯೇ ಆಡತಕ್ಕದ್ದು. ಅಲ್ಲಿ ಬಳಸುವುದರಿಂದ ಯಾರಿಗೂ ನೋವು ತಪ್ಪುವುದಿಲ್ಲ. ನೋವು ಮುಂದಕ್ಕೆ ಹೋಗಿ ಬಡ್ಡಿಯೊಡನೆ ಹಿಂದಿರುಗುವುದು.

ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯಲ್ಲಿ ಮಗಳು “ಬೇಡ” ಎಂದಾಗ ಅವಳನ್ನು ಎದುರುತ್ತರ ಕೊಡುವವಳೆಂದು ಗದರಿಸಬೇಡಿರಿ. ತಂದೆಯ ಮುಂದೆ ಆ ಪದವನ್ನು ಆಡಿ ಅಭ್ಯಾಸವಿಲ್ಲದ ಹುಡುಗಿಯು ಬಸ್ಸಿನಲ್ಲಿ ತೊಂದರೆಪಡಿಸುವವನ ಮುಂದೆಯೂ, ಮುಂದೆ ಉದ್ಯೋಗದಲ್ಲಿ ಅನ್ಯಾಯಮಾಡುವವನ ಮುಂದೆಯೂ ಆಡಲಾರಳು. ವಿನಯವೆಂದರೆ ನಾಲಿಗೆಯಿಲ್ಲದಿರುವುದಲ್ಲ. “ಅಪ್ಪಾ, ಇದು ನನಗೆ ಬೇಡ” ಎಂದು ತಲೆಯೆತ್ತಿ ಮೆಲ್ಲನೆ ಹೇಳುವವಳೂ ವಿನಯವತಿಯೇ. ಅಷ್ಟು ಹೇಳಲೂ ಮನೆಯಲ್ಲಿ ದಾರಿಯಿಲ್ಲದ ಮಗುವಿಗಾಗಿ ೧೦೯೮ ಎಂಬ ಸಹಾಯವಾಣಿಯ ಸಂಖ್ಯೆಯನ್ನು ನಾವು ತರಗತಿಗಳಲ್ಲಿ ಬರೆಸಿದ್ದೇವೆ. ಇದರಿಂದ ಕೆಲವು ಹೆತ್ತವರಿಗೆ ಅಸಮಾಧಾನವಾಗಿದ್ದುದುಂಟು. ಅದನ್ನು ಅಳಿಸುವ ಯೋಚನೆ ನಮಗಿಲ್ಲವೆಂಬುದನ್ನು ಇಲ್ಲಿಯೇ ನೇರವಾಗಿ ತಿಳಿಸುತ್ತೇವೆ.

ಪೂರ್ವ ವಿದ್ಯಾರ್ಥಿನಿಯರಲ್ಲಿ ಇನ್ನೊಂದು ಮಾತು. ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅತ್ತೆಯಂದಿರು, ಕೆಲವರು ಹತ್ತಾರು ಜನರ ಮೇಲಧಿಕಾರಿಗಳು. ನಿಮಗಿಂತ ಕೆಳಗಿರುವವರು ನಿಮ್ಮೊಡನೆ ಬಳಸಿಯೇ ಆಡುವರು. ಬಹಳ ಕಾಲ ಹಾಗೆಯೇ ಆಡುವರು. “ನೇರವಾಗಿ ಹೇಳಬಾರದೇ?” ಎಂದು ಅವರನ್ನು ಕೇಳುವುದು ಸುಲಭ. ನೀವು ಎರಡನೆಯ ಪ್ರಶ್ನೆಯನ್ನು ಕೇಳಿರಿ. ಸೊಸೆಯು “ತಲೆನೋವು” ಎಂದರೆ ಮಾತ್ರೆಯನ್ನು ಕೊಟ್ಟು ಸುಮ್ಮನಾಗದೆ, ಬಳಿಯಲ್ಲಿ ಕುಳಿತು, ಏನಾಯಿತೆಂದು ವಿಚಾರಿಸಿರಿ. ನಾವು ಆ ಹುಡುಗಿಯನ್ನು ಹೊಗಳುವುದಕ್ಕೆ ಬದಲಾಗಿ, “ಯಾಕಮ್ಮ ಬೇಡ?” ಎಂಬ ಒಂದೇ ಪ್ರಶ್ನೆಯನ್ನು ಏಕಾಂತದಲ್ಲಿ ಕೇಳಿದ್ದರೆ ಸಾಕಾಗಿತ್ತು.

ಈ ವರುಷವೂ ದರ್ಜಿಯು ಬಂದು ಅಳತೆ ತೆಗೆದುಕೊಂಡು ಹೋದನು. ಈಗ ನಮ್ಮಲ್ಲಿ ಒಂದು ನಿಯಮವುಂಟು. ಯಾವ ಹುಡುಗಿ ಅಳತೆ ಬೇಡವೆನ್ನುವಳೋ ಅವಳನ್ನು ತರಗತಿಯ ಉಪಾಧ್ಯಾಯಿನಿಯು ಅದೇ ದಿನ ಬೇರೆಯಾಗಿ ಕರೆದು ಮಾತನಾಡಿಸತಕ್ಕದ್ದು. ಈ ಸಾರಿ ಮೂವರು ಬೇಡವೆಂದರು. ಇಬ್ಬರಿಗೆ ಅಕ್ಕಂದಿರ ಬಟ್ಟೆಗಳಿದ್ದುವು. ಮೂರನೆಯವಳು ಬಹಳ ಹೊತ್ತು ಸುಮ್ಮನಿದ್ದಳು. ಉಪಾಧ್ಯಾಯಿನಿಯೂ ಸುಮ್ಮನೆ ಕಾದರು. ಆಮೇಲೆ ಅವಳು ಹೇಳಿದಳು. ಅವಳು ಮುಂದಿನ ವರುಷ ನಮ್ಮಲ್ಲಿಯೇ ಓದುವಳು. ಅವಳ ಅಳತೆಯನ್ನು ಎರಡು ದಿನ ತಡವಾಗಿ ಕಳುಹಿಸಿಕೊಟ್ಟೆವು.